ಲಿಂಕನ್ ರೂಪುಗೊಂಡ ನೆಲ: ಇಲಿನಾಯ್ ರಾಜ್ಯದ ಸ್ಥಳೀಯ ಸ್ಮಾರಕಗಳು ಮತ್ತು ಸ್ಮರಣೆಯ ಹೊಣೆ

ಅಧ್ಯಕ್ಷರಾಗಿ ಅಬ್ರಹಾಂ ಲಿಂಕನ್ ಕೈಗೊಂಡ ಯಾವ ದೊಡ್ಡ ಕಾರ್ಯವೂ ಇಲಿನಾಯ್ ರಾಜ್ಯದ ನೆಲದಲ್ಲಿ ನಡೆಯಲಿಲ್ಲ. ಕೆಂಟಕಿಯಲ್ಲಿ ಹುಟ್ಟಿ ಇಂಡಿಯಾನಾದಲ್ಲಿ ಬೆಳೆದ ಅವರು 1830ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕುಟುಂಬದೊಡನೆ ಈ ರಾಜ್ಯಕ್ಕೆ ಬಂದರು. 1861ರ ಫೆಬ್ರವರಿ 11ರಂದು ತಾವು ನೆಲೆಸಿದ್ದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೈಲು ಹತ್ತಿ ವಾಷಿಂಗ್ಟನ್ನಿಗೆ ಹೊರಟರು. ಮತ್ತೆ ಆ ಊರಿಗೆ ಬಂದದ್ದು 1865ರ ಮೇ ತಿಂಗಳಲ್ಲಿ, ಶವಪೆಟ್ಟಿಗೆಯಲ್ಲಿ. ಅಂತರ್ಯುದ್ಧದ ನಿರ್ಧಾರಗಳು, 1863ರ ವಿಮೋಚನಾ ಘೋಷಣೆ, ಗೆಟಿಸ್‌ಬರ್ಗ್ ಭಾಷಣ ಎಲ್ಲವೂ ಬೇರೆ ಕಡೆಗೆ ಸೇರಿದವು. ಹಾಗಿದ್ದೂ ಅಮೆರಿಕದಲ್ಲಿ ಲಿಂಕನ್ ಸ್ಮಾರಕಗಳು ಅತ್ಯಂತ ದಟ್ಟವಾಗಿ ಹಬ್ಬಿರುವ ರಾಜ್ಯಗಳಲ್ಲಿ ಇಲಿನಾಯ್ ಮುಂಚೂಣಿಯಲ್ಲಿದೆ. 1954ರಿಂದ ಅಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೆ 'ಲಿಂಕನ್ನರ ನಾಡು' ಎಂಬ ಬರಹವಿದೆ. ಮರುವರ್ಷ ಅದೇ ರಾಜ್ಯದ ಅಧಿಕೃತ ಘೋಷವಾಕ್ಯವಾಯಿತು. ಅಧ್ಯಕ್ಷಗಿರಿಯೇ ಕಾಣದ ನೆಲದಲ್ಲಿ ಈ ಸ್ಮಾರಕಗಳು ಯಾರನ್ನು ಸ್ಮರಿಸುತ್ತಿವೆ? ಅವು ಸ್ಮರಿಸುವುದು ಲಿಂಕನ್ ರೂಪುಗೊಂಡ ಬಗೆಯನ್ನು ಎಂಬುದು ಈ ಲೇಖನದ ವಾದ. ರೂಪುಗೊಳ್ಳುವ ಮನುಷ್ಯನನ್ನು ನೆನೆಯಲು ಹೊರಟ ಸ್ಮಾರಕ ಅವನ ಅಪೂರ್ಣತೆಯನ್ನೂ ಹೇಳಬೇಕಾಗುತ್ತದೆ. ಆದ್ದರಿಂದ ಅದರ ಬೆಲೆಯನ್ನು ತನ್ನ ಜಾಗದಲ್ಲಿ ನಡೆದದ್ದನ್ನು ಅದು ಎಷ್ಟು ಪೂರ್ತಿಯಾಗಿ ಹೇಳುತ್ತದೆ ಎಂಬುದರಿಂದಲೇ ಅಳೆಯಬೇಕು.

ಈ ಸ್ಮರಣೆ ಮೊದಲಿಗೆ ಹೀಗಿರಲಿಲ್ಲ. ಲಿಂಕನ್ ಹತ್ಯೆಯ ಬೆನ್ನಲ್ಲೇ ಸ್ಪ್ರಿಂಗ್‌ಫೀಲ್ಡ್‌ನ ಮುಖಂಡರು ನಗರದ ನಡುವೆ ಸಮಾಧಿ ಕಟ್ಟಲು ಬಯಸಿದರು. ಪತ್ನಿ ಮೇರಿ ಲಿಂಕನ್ ಅದನ್ನು ಒಪ್ಪದೆ ಊರಾಚೆಯ ಓಕ್ ರಿಡ್ಜ್ ಸ್ಮಶಾನವೇ ಆಗಬೇಕೆಂದು ಪಟ್ಟುಹಿಡಿದರು. ಶಿಲ್ಪಿ ಲಾರ್ಕಿನ್ ಮೀಡ್ ರೂಪಿಸಿದ ಸಮಾಧಿ 1874ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರ ಸಮ್ಮುಖದಲ್ಲಿ ಲೋಕಾರ್ಪಣೆಯಾಯಿತು. ಎತ್ತರದ ಸ್ತಂಭ, ಸುತ್ತ ಸೇನೆಯ ವಿಭಾಗಗಳನ್ನು ಪ್ರತಿನಿಧಿಸುವ ಕಂಚಿನ ಗುಂಪುಶಿಲ್ಪಗಳು: ಅದರ ವಿನ್ಯಾಸವೆಲ್ಲ ಯುದ್ಧಕಾಲದ ಅಧ್ಯಕ್ಷನದೇ. 1887ರಲ್ಲಿ ಶಿಕಾಗೋದ ಲಿಂಕನ್ ಪಾರ್ಕಿನಲ್ಲಿ ನಿಂತ ಆಗಸ್ಟಸ್ ಸೇಂಟ್ ಗಾಡನ್ಸ್ ಅವರ ಕಂಚಿನ ಪ್ರತಿಮೆಯೂ ಇದೇ ಬಗೆಯದು. ಅದೇ ತಾನೇ ಆಸನದಿಂದೆದ್ದು ಮಾತಿಗೆ ಅಣಿಯಾಗುತ್ತಿರುವ ಆ ನಿಲುವು ಅಧಿಕಾರಸ್ಥಾನದಲ್ಲಿರುವ ವ್ಯಕ್ತಿಯದು. ಆದರೆ ಅದರ ಮುಖಕ್ಕೆ ಶಿಲ್ಪಿ ಆಧಾರವಾಗಿಟ್ಟುಕೊಂಡದ್ದು 1860ರಲ್ಲಿ, ಲಿಂಕನ್ ಇನ್ನೂ ಅಧ್ಯಕ್ಷರಾಗುವ ಮುನ್ನ, ಲಿಯೊನಾರ್ಡ್ ವೋಕ್ ಎಂಬ ಶಿಲ್ಪಿ ಲಿಂಕನ್ನರ ಮುಖದ ಮೇಲೆಯೇ ತೆಗೆದ ಅಚ್ಚನ್ನು. ಈ ಮೊದಲ ಹಂತದ ಕೃತಿಗಳು ಹುತಾತ್ಮನಿಗೆ ಸಲ್ಲಿಸಿದ ಗೌರವ. ಇವನ್ನು ಬೇರೊಂದು ರಾಜ್ಯದಲ್ಲಿ ನಿಲ್ಲಿಸಿದ್ದರೂ ಇವುಗಳ ಅರ್ಥ ಹೆಚ್ಚು ಬದಲಾಗುತ್ತಿರಲಿಲ್ಲ. ಸೇಂಟ್ ಗಾಡನ್ಸ್ ಪ್ರತಿಮೆಯ ಪ್ರತಿಯೊಂದು 1920ರಿಂದ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿರಾತಂಕವಾಗಿ ನಿಂತಿರುವುದೇ ಇದಕ್ಕೆ ಸಾಕ್ಷಿ.

ಶಿಕಾಗೋದಲ್ಲಿ ಪ್ರತಿಮೆ ನಿಂತ 1887ರಲ್ಲೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬೇರೆ ತರಹದ ಸ್ಮಾರಕವೊಂದು ಸಾರ್ವಜನಿಕರ ಪಾಲಾಯಿತು. ಎಂಟನೆಯ ಬೀದಿ ಮತ್ತು ಜಾಕ್ಸನ್ ಬೀದಿ ಸೇರುವ ಮೂಲೆಯಲ್ಲಿ ಲಿಂಕನ್ 1844ರಲ್ಲಿ ಕೊಂಡ ಮನೆ ಅವರ ಸ್ವಂತದ್ದೆನ್ನಬಹುದಾದ ಒಂದೇ ಮನೆ. ಮಗ ರಾಬರ್ಟ್ ಅದನ್ನು ರಾಜ್ಯಕ್ಕೆ ದಾನ ಕೊಟ್ಟಾಗ ಹಾಕಿದ ಷರತ್ತು ಎರಡು: ಮನೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು, ನೋಡಲು ಬಂದವರಿಂದ ಶುಲ್ಕ ಪಡೆಯಬಾರದು. ಇಲ್ಲಿಂದ ಸ್ಮರಣೆಯ ದಿಕ್ಕು ಬದಲಾಯಿತು. ಲಿಂಕನ್ 1831ರಿಂದ 1837ರವರೆಗೆ ಅಂಗಡಿ, ಅಂಚೆ, ಭೂಮಾಪನ ಹೀಗೆ ಹಲವು ಕೆಲಸ ಮಾಡಿ ಬದುಕಿದ್ದ ನ್ಯೂ ಸೇಲಂ ಹಳ್ಳಿ ಅವರು ಬಿಟ್ಟ ಕೆಲವೇ ವರ್ಷಗಳಲ್ಲಿ ಹಾಳುಬಿದ್ದಿತ್ತು. 1906ರಲ್ಲಿ ಪತ್ರಿಕೋದ್ಯಮಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಆ ಜಾಗವನ್ನು ಕೊಂಡರು. 1919ರಲ್ಲಿ ಅದು ರಾಜ್ಯಕ್ಕೆ ಸೇರಿತು. 1930ರ ದಶಕದಲ್ಲಿ ಮರದ ದಿಮ್ಮಿಯ ಮನೆಗಳು ಹಳೆಯ ಅಡಿಪಾಯಗಳ ಮೇಲೆ ಮತ್ತೆ ಎದ್ದವು. ಲಿಂಕನ್ ವಕೀಲರಾಗಿ ನ್ಯಾಯಾಧೀಶ ಡೇವಿಡ್ ಡೇವಿಸ್ ಅವರೊಡನೆ ಕೌಂಟಿಯಿಂದ ಕೌಂಟಿಗೆ ಸುತ್ತುತ್ತಿದ್ದ ಎಂಟನೆಯ ನ್ಯಾಯಾಂಗ ಸರ್ಕ್ಯೂಟಿನ ದಾರಿಯುದ್ದಕ್ಕೂ 1920ರ ದಶಕದ ಆರಂಭದಲ್ಲಿ ಗುರುತುಫಲಕಗಳು ನಾಟಿಕೊಂಡವು. ಮೆಟಮೋರಾ ಮತ್ತು ಮೌಂಟ್ ಪುಲಾಸ್ಕಿಯಲ್ಲಿ ಅವರು ವಾದಿಸಿದ ಕೋರ್ಟ್ ಕಟ್ಟಡಗಳು ಇದ್ದಲ್ಲೇ ಉಳಿದಿವೆ. ಇವುಗಳಲ್ಲಿ ಯಾವುದೂ ಅಧ್ಯಕ್ಷನದ್ದಲ್ಲ. ಸಾಲ ತೀರಿಸಲು ಹೆಣಗುತ್ತಿದ್ದ ಯುವಕನದು, ಮಣ್ಣುದಾರಿಯಲ್ಲಿ ಅಲೆದ ವಕೀಲನದು.

ಚಿಕ್ಕಚಿಕ್ಕ ಊರುಗಳು ಈ ದಾರಿ ಹಿಡಿದದ್ದಕ್ಕೆ ಕಾರಣವಿದೆ. ಗೆದ್ದ ಅಧ್ಯಕ್ಷ ಇಡೀ ದೇಶದ ಆಸ್ತಿ; ಅವನ ಮೇಲೆ ಒಂದು ಊರು ಪ್ರತ್ಯೇಕವಾಗಿ ಹಕ್ಕು ಸಾಧಿಸಲಾಗದು. ರೂಪುಗೊಳ್ಳುತ್ತಿದ್ದ ಲಿಂಕನ್ನರಾದರೋ ಒಂದು ದಿನ ಒಂದು ಊರಿನ ಕೋರ್ಟಿನಲ್ಲಿ ನಿಂತಿದ್ದರು, ಒಂದು ಸಂಜೆ ಒಂದು ಛತ್ರದಲ್ಲಿ ತಂಗಿದ್ದರು. ಆ ದಿನ ಆ ಊರಿನದೇ. ಅವರ ಜೊತೆ ವಕೀಲರಾಗಿದ್ದ ವಿಲಿಯಂ ಹರ್ನ್‌ಡನ್ 1865ರ ನಂತರ ಹಳೆಯ ನೆರೆಹೊರೆಯವರಿಂದ ಪತ್ರ, ಹೇಳಿಕೆಗಳನ್ನು ಕಲೆಹಾಕಿದ್ದು ಇಂಥ ಹಕ್ಕುಗಳಿಗೆ ದಾಖಲೆಯ ಬಲ ಕೊಟ್ಟಿತು; ದಾಖಲೆಗೂ ದಂತಕಥೆಗೂ ನಡುವಿನ ಗಡಿಯನ್ನು ಮಸುಕುಗೊಳಿಸಿತು ಕೂಡ. ನ್ಯೂ ಸೇಲಂನ ತರುಣಿ ಆ್ಯನ್ ರಟ್ಲೆಜ್ ಜೊತೆ ಲಿಂಕನ್ನರಿಗಿದ್ದ ಪ್ರೀತಿಯ ಕಥೆ ಹರ್ನ್‌ಡನ್ ಮೂಲಕವೇ ಹರಡಿತು. 1890ರಲ್ಲಿ ಆಕೆಯ ಅವಶೇಷಗಳೆಂದುಕೊಂಡದ್ದನ್ನು ಹಳೆಯ ಸ್ಮಶಾನದಿಂದ ಅಗೆದು ಪೀಟರ್ಸ್‌ಬರ್ಗ್ ಪಟ್ಟಣದ ಹೊಸ ಸ್ಮಶಾನಕ್ಕೆ ಸಾಗಿಸಲಾಯಿತು. ವಿದ್ವಾಂಸರು ಆ ಪ್ರೇಮದ ಕುರಿತು ಇಂದಿಗೂ ವಾದಿಸುತ್ತಿದ್ದಾರೆ. ಊರಿನ ಅಭಿಮಾನ ಪುರಾವೆಗಿಂತ ಮುಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಎಚ್ಚರಿಕೆ. ಹಾಗಾಗಿ ಸ್ಥಳೀಯ ಸ್ಮಾರಕವನ್ನು ಅದರ ಭಾವನೆಯ ಪ್ರಾಮಾಣಿಕತೆಯ ಜೊತೆಗೆ ಅದರ ಪುರಾವೆಯ ಪ್ರಾಮಾಣಿಕತೆಯಿಂದಲೂ ಪರೀಕ್ಷಿಸಬೇಕಾಗುತ್ತದೆ.

ಈ ಪರೀಕ್ಷೆಗೆ 1858ರ ಚರ್ಚಾಸರಣಿಯ ಏಳು ಊರುಗಳಿಗಿಂತ ಒಳ್ಳೆಯ ಆಧಾರ ಸಿಗದು. ಸೆನೆಟ್ ಸ್ಥಾನಕ್ಕಾಗಿ ಸ್ಟೀಫನ್ ಡಗ್ಲಸ್ ಎದುರು ಲಿಂಕನ್ ಆಗಸ್ಟ್ 21ರಿಂದ ಅಕ್ಟೋಬರ್ 15ರವರೆಗೆ ಒಟ್ಟಾವಾ, ಫ್ರೀಪೋರ್ಟ್, ಜೋನ್ಸ್‌ಬರೊ, ಚಾರ್ಲ್ಸ್‌ಟನ್, ಗೇಲ್ಸ್‌ಬರ್ಗ್, ಕ್ವಿನ್ಸಿ, ಆಲ್ಟನ್‌ಗಳಲ್ಲಿ ವಾದಿಸಿದರು. ಸ್ಥಾನ ದಕ್ಕಿದ್ದು ಡಗ್ಲಸ್ ಅವರಿಗೆ. ಸೋತ ಚುನಾವಣೆಯೊಂದರ ಸ್ಮಾರಕಗಳು ಏಳೂ ಊರುಗಳಲ್ಲಿವೆ ಎಂಬುದೇ ಗಮನಾರ್ಹ. ಗೇಲ್ಸ್‌ಬರ್ಗ್‌ನ ನಾಕ್ಸ್ ಕಾಲೇಜಿನ ಓಲ್ಡ್ ಮೇನ್ ಆ ಚರ್ಚೆಗಳಿಗೆ ಸಾಕ್ಷಿಯಾಗಿ ಇಂದಿಗೂ ನಿಂತಿರುವ ಕಟ್ಟಡ. ಗುಲಾಮಗಿರಿ ನೈತಿಕ ಕೇಡು ಎಂಬ ಮಾತನ್ನು ಲಿಂಕನ್ ಅತ್ಯಂತ ಸ್ಪಷ್ಟವಾಗಿ ಎತ್ತಿ ಹೇಳಿದ ಸಭೆಗಳಲ್ಲಿ ಅಲ್ಲಿಯದೂ ಒಂದು. ಕ್ವಿನ್ಸಿಯಲ್ಲಿ ಶಿಲ್ಪಿ ಲೊರಾಡೊ ಟಾಫ್ಟ್ ಅವರ 1936ರ ಉಬ್ಬುಶಿಲ್ಪ ಅಲ್ಲಿನ ಚರ್ಚೆಯ ಮಧ್ಯಾಹ್ನವನ್ನು ಕಂಚಿನಲ್ಲಿ ಹಿಡಿದಿದೆ. ಆದರೆ ಗೇಲ್ಸ್‌ಬರ್ಗ್‌ಗೂ ಸುಮಾರು ಮೂರು ವಾರ ಮುಂಚೆ, ಸೆಪ್ಟೆಂಬರ್ 18ರಂದು, ಚಾರ್ಲ್ಸ್‌ಟನ್‌ನಲ್ಲಿ ಇದೇ ಲಿಂಕನ್ ಬಿಳಿಯರಿಗೂ ಕಪ್ಪು ಜನರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರುವುದರ ಪರವಾಗಿ ತಾನಿಲ್ಲ ಎಂದು ಮಾತು ಆರಂಭಿಸಿದ್ದರು. ಕಪ್ಪು ಜನರು ಹೊರಗಿನಿಂದ ಬಂದು ನೆಲೆಸುವುದನ್ನು 1853ರಲ್ಲೇ ಕಾನೂನಿನಿಂದ ನಿಷೇಧಿಸಿದ್ದ ರಾಜ್ಯದ ಮತದಾರರೆದುರು ಆಡಿದ ಮಾತು ಅದು. ಗೇಲ್ಸ್‌ಬರ್ಗ್ ಒಂದನ್ನೇ ನೋಡಿ ಹೋದವರಿಗೆ ಸಿಗುವುದು ಸಂತ. ಚಾರ್ಲ್ಸ್‌ಟನ್ ಒಂದನ್ನೇ ನೋಡಿದವರಿಗೆ ಸಿಗುವುದು ಕಾಲದ ಪೂರ್ವಗ್ರಹಕ್ಕೆ ತಲೆಬಾಗಿದ ಅಭ್ಯರ್ಥಿ. ಎರಡೂ ಊರುಗಳನ್ನು ಒಂದೇ ದಾರಿಯ ನಿಲುಗಡೆಗಳಾಗಿ ಓದಿದಾಗ ಮಾತ್ರ, ವಿಮೋಚನಾ ಘೋಷಣೆಗೆ ಸಹಿ ಹಾಕಿದ ಕೈ ಎಷ್ಟು ದೂರ ನಡೆದು ಬಂತು ಎಂಬುದು ತಿಳಿಯುತ್ತದೆ. ವಾಷಿಂಗ್ಟನ್ನಿನಲ್ಲಿ 1922ರಲ್ಲಿ ತೆರೆದ ಗುಡಿಯಂಥ ಸ್ಮಾರಕ ಈ ದೂರವನ್ನು ತೋರಿಸಲಾರದು. ಅಲ್ಲಿರುವುದು ಪೂರ್ಣಗೊಂಡ ಆಕೃತಿ.

ಇದೇ ಅಳತೆಗೋಲಿನಿಂದ ನೋಡಿದರೆ ಕೆಲವು ಸ್ಮಾರಕಗಳು ಕಡಿಮೆ ಬೀಳುತ್ತವೆ. ರಾಕ್ ನದಿಯ ದಂಡೆಯ ಡಿಕ್ಸನ್‌ನಲ್ಲಿ 1930ರಲ್ಲಿ ಸ್ಥಾಪಿತವಾದ ಲಿಯೊನಾರ್ಡ್ ಕ್ರುನೆಲ್ ಅವರ ಪ್ರತಿಮೆ ಲಿಂಕನ್ನರನ್ನು 1832ರ ಬ್ಲ್ಯಾಕ್ ಹಾಕ್ ಯುದ್ಧದ ಯುವ ಸೈನಿಕನಾಗಿ ತೋರಿಸುತ್ತದೆ. ಸ್ವಯಂಸೇವಕರು ಅವರನ್ನು ತಮ್ಮ ಕ್ಯಾಪ್ಟನ್ನಾಗಿ ಆರಿಸಿದ್ದರು. ಮುಂದಾಳುತನದ ಮೊದಲ ಪಾಠ ಅದು. ಆದರೆ ಅದು ಯಾವ ಯುದ್ಧ? ಒಪ್ಪಂದಗಳ ಹೆಸರಿನಲ್ಲಿ ಕೈತಪ್ಪಿದ ತಮ್ಮ ನೆಲಕ್ಕೆ ಮರಳಿದ ಮೂಲನಿವಾಸಿ ಸಾಕ್ ಜನರನ್ನು ಮಿಸಿಸಿಪ್ಪಿಯ ಆಚೆಗೆ ಅಟ್ಟಿದ ಯುದ್ಧ. ಅದೇ ನದಿಯ ಮೇಲ್ದಂಡೆಯಲ್ಲಿ, ಆರೆಗನ್ ಎಂಬ ಪಟ್ಟಣದ ಎದುರು, ಸಾಕ್ ನಾಯಕ ಬ್ಲ್ಯಾಕ್ ಹಾಕ್ ಹೆಸರಿನಿಂದಲೇ ಜನ ಕರೆಯುವ ಮೂಲನಿವಾಸಿಯ ಬೃಹತ್ ಕಾಂಕ್ರೀಟ್ ಪ್ರತಿಮೆ 1911ರಿಂದ ನಿಂತಿದೆ. ಅದೂ ಲೊರಾಡೊ ಟಾಫ್ಟ್ ಕೃತಿ. ಒಂದೇ ಯುದ್ಧದ ಎರಡು ಬದಿಗಳು ಒಂದೇ ನದಿಯ ದಂಡೆಯಲ್ಲಿದ್ದೂ ಎರಡು ಬೇರೆ ಕಥೆಗಳಾಗಿವೆ. ಯುವಕನ ಮೊದಲ ಹೆಜ್ಜೆಯನ್ನು ಗೌರವಿಸುವ ಸ್ಮಾರಕ ಆ ಹೆಜ್ಜೆ ಯಾರ ನೆಲದ ಮೇಲೆ ಬಿತ್ತೆಂಬುದನ್ನೂ ಹೇಳಬೇಕು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಹೊಣೆ ಇನ್ನೂ ಭಾರವಾದದ್ದು. ಲಿಂಕನ್ ಸಮಾಧಿಯಿರುವ ಆ ನಗರದಲ್ಲೇ 1908ರ ಆಗಸ್ಟ್‌ನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮನೆ, ಅಂಗಡಿಗಳಿಗೆ ಬೆಂಕಿಯಿಟ್ಟವು. ಇಬ್ಬರು ಕಪ್ಪು ನಾಗರಿಕರನ್ನು ಗುಂಪು ಹಲ್ಲೆಯಲ್ಲಿ ಕೊಂದವು. ಆ ಆಘಾತದಿಂದ ಹುಟ್ಟಿದ ಹೋರಾಟ ಮರುವರ್ಷ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯಾಗಿ ರೂಪುಗೊಂಡಿತು. ಅದರ ಕರೆಯನ್ನು ಹೊರಡಿಸಲು ಸ್ಥಾಪಕರು ಆರಿಸಿದ ದಿನ 1909ರ ಫೆಬ್ರವರಿ 12, ಲಿಂಕನ್ ಜನ್ಮಶತಮಾನೋತ್ಸವದ ದಿನ. ಲಿಂಕನ್ನರ ಹೆಸರನ್ನು ಲಿಂಕನ್ನರ ಊರಿಗೇ ನೆನಪಿಸಿದ ಆಯ್ಕೆ ಅದು. ಆದರೂ ಆ ಗಲಭೆಯ ಜಾಗಕ್ಕೆ ರಾಷ್ಟ್ರೀಯ ಸ್ಮಾರಕದ ಮಾನ್ಯತೆ ಸಿಕ್ಕಿದ್ದು ರೈಲುಮಾರ್ಗದ ಕಾಮಗಾರಿಯಲ್ಲಿ ಸುಟ್ಟ ಮನೆಗಳ ಅಡಿಪಾಯಗಳು ಬೆಳಕಿಗೆ ಬಂದ ಮೇಲೆ, 2024ರ ಆಗಸ್ಟ್‌ನಲ್ಲಿ. ನೂರ ಹದಿನಾರು ವರ್ಷಗಳ ಈ ಅಂತರವೇ ಸ್ಥಳೀಯ ಸ್ಮರಣೆಯ ದೊಡ್ಡ ಲೋಪ. ಅದು ಕೊನೆಗೂ ತುಂಬಿಕೊಂಡದ್ದು ಅದೇ ಸ್ಮರಣೆ ತನ್ನನ್ನು ತಿದ್ದಿಕೊಳ್ಳಬಲ್ಲದು ಎಂಬುದಕ್ಕೆ ಸಾಕ್ಷಿ. ಲಿಂಕನ್ ಮನೆಯ ಸುತ್ತಲಿನ ರಾಷ್ಟ್ರೀಯ ಐತಿಹಾಸಿಕ ತಾಣದಲ್ಲಿ ಜೇಮ್ಸನ್ ಜೆಂಕಿನ್ಸ್ ಎಂಬ ಸ್ವತಂತ್ರ ಕಪ್ಪು ನೆರೆಯವರ ನಿವೇಶನವನ್ನೂ ಇಂದು ಗುರುತಿಸಿರುವುದು ಇದೇ ತಿದ್ದುಪಡಿಯ ಭಾಗ. ಗಾಡಿ ಹೊಡೆದು ಜೀವಿಸುತ್ತಿದ್ದ ಅವರು ಓಡಿಬಂದ ಗುಲಾಮರಿಗೆ ನೆರವಾದವರೆಂದು ದಾಖಲಾಗಿದ್ದಾರೆ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು ನೈಜತೆಯದು: ಮತ್ತೆ ಕಟ್ಟಿದ್ದನ್ನು ಪುರಾವೆ ಎನ್ನಬಹುದೆ? ನ್ಯೂ ಸೇಲಂನಲ್ಲಿ ಲಿಂಕನ್ ಕಾಲದಿಂದ ಉಳಿದ ಕಟ್ಟಡವೆಂದರೆ ಪೀಪಾಯಿ ಮಾಡುವವನ ಕಾರ್ಯಾಗಾರವೊಂದೇ. ಲಿಂಕನ್ನರ 'ಒಡೆದ ಮನೆ' ಭಾಷಣ ನಡೆದ ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ಶಾಸನಸಭಾ ಭವನವನ್ನು 1960ರ ದಶಕದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಮರಳಿ ಜೋಡಿಸಲಾಯಿತು. ಪೋಸ್ಟ್‌ವಿಲ್ ಊರಿನಲ್ಲಿ ಲಿಂಕನ್ ವಾದಿಸಿದ್ದ ಕೋರ್ಟ್ ಕಟ್ಟಡವನ್ನು ವಾಹನೋದ್ಯಮಿ ಹೆನ್ರಿ ಫೋರ್ಡ್ 1929ರಲ್ಲಿ ಕೊಂಡು ಮಿಷಿಗನ್ನಿನ ತಮ್ಮ ವಸ್ತುಸಂಗ್ರಹ ಗ್ರಾಮಕ್ಕೆ ಸಾಗಿಸಿದರು. ಮೂಲ ಜಾಗದಲ್ಲಿ ಈಗಿರುವುದು 1953ರ ಪ್ರತಿಕೃತಿ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಪೋಸ್ಟ್‌ವಿಲ್ ಪ್ರಸಂಗವೇ ಉತ್ತರವನ್ನೂ ಕೊಡುತ್ತದೆ: ಮೂಲ ಮರ ಬೇರೆ ರಾಜ್ಯಕ್ಕೆ ಹೋದರೂ ಊರವರು ಜಾಗವನ್ನು ಬಿಡಲಿಲ್ಲ. ಸ್ಥಳೀಯ ಸ್ಮರಣೆಗೆ ಕಟ್ಟಡಕ್ಕಿಂತ ಮುಖ್ಯವಾದದ್ದು ದೂರ ಮತ್ತು ನೆರೆ. ಕೋರ್ಟಿನಿಂದ ಛತ್ರ ಎಷ್ಟು ಹತ್ತಿರ, ಒಂದು ಕೌಂಟಿಯಿಂದ ಇನ್ನೊಂದಕ್ಕೆ ಕುದುರೆಯ ಮೇಲೆ ಎಷ್ಟು ದಾರಿ ಎಂಬುದನ್ನು ಜಾಗ ಮಾತ್ರ ಕಲಿಸಬಲ್ಲದು. ಯಾವುದು ಮೂಲ, ಯಾವುದು ಮರುನಿರ್ಮಾಣ ಎಂಬುದನ್ನು ಮರೆಮಾಚದೆ ಹೇಳಿದರೆ ಪ್ರತಿಕೃತಿ ಸುಳ್ಳಾಗುವುದಿಲ್ಲ.

ಎರಡನೆಯ ಆಕ್ಷೇಪ: ಇದೆಲ್ಲ ಪ್ರವಾಸೋದ್ಯಮ, ಊರೂರುಗಳ ವ್ಯಾಪಾರ. ಲಾಭದ ಆಸೆ ಇಲ್ಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಲಾಭವೊಂದೇ ಪ್ರೇರಣೆಯಾಗಿದ್ದರೆ ಶುಲ್ಕವಿಲ್ಲದ ಮನೆ, ಹೊಲದ ಅಂಚಿನ ಕೌಂಟಿ ಗಡಿಯ ಫಲಕಗಳು ಇಷ್ಟು ಕಾಲ ಉಳಿಯುತ್ತಿರಲಿಲ್ಲ. 2005ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತೆರೆದ ಅಧ್ಯಕ್ಷೀಯ ವಸ್ತುಸಂಗ್ರಹಾಲಯವನ್ನೂ ಅದರ ಜೊತೆಗಿನ ಗ್ರಂಥಾಲಯವನ್ನೂ ಕೇಂದ್ರ ಸರ್ಕಾರದ ಪತ್ರಾಗಾರ ವ್ಯವಸ್ಥೆ ನಡೆಸುತ್ತಿಲ್ಲ, ರಾಜ್ಯವೇ ನಡೆಸುತ್ತಿದೆ. ಲಿಂಕನ್ ಕಾಗದಪತ್ರಗಳನ್ನು ಕಾಯುವ ಹೊಣೆಯನ್ನು ರಾಜ್ಯವೊಂದು ತನ್ನ ಖರ್ಚಿನಲ್ಲಿ ಹೊತ್ತಿರುವುದನ್ನು ವ್ಯಾಪಾರವೆಂದಷ್ಟೇ ಕರೆದರೆ ವಿಷಯ ಅರ್ಧವಾಗುತ್ತದೆ.

ಮೂರನೆಯದು ಹೆಚ್ಚು ಗಂಭೀರ: ಗೌರವ ಮತ್ತು ವಿಮರ್ಶೆ ಒಂದೇ ಕಲ್ಲಿನ ಮೇಲೆ ನಿಲ್ಲಲಾರವು, ದೋಷ ಹೇಳಹೊರಟರೆ ಪ್ರತಿಮೆ ಉಳಿಯದು, ಪ್ರತಿಮೆ ಉಳಿಸಹೊರಟರೆ ದೋಷ ಮುಚ್ಚಬೇಕು. 2021ರಲ್ಲಿ ಶಿಕಾಗೋ ನಗರ ಮರುಚರ್ಚೆಗೆಂದು ಪಟ್ಟಿಮಾಡಿದ 41 ಸ್ಮಾರಕಗಳಲ್ಲಿ ಲಿಂಕನ್ ಪ್ರತಿಮೆಗಳೂ ಸೇರಿದ್ದಾಗ ಈ ಬಿಕ್ಕಟ್ಟು ಎಲ್ಲರೆದುರು ಬಂತು. ಪ್ರತಿಮೆಯೊಂದನ್ನೇ ನೋಡಿದರೆ ಆಕ್ಷೇಪ ನಿಜ, ಏಕೆಂದರೆ ಕಂಚಿಗೆ ಒಂದೇ ಭಂಗಿ. ಆದರೆ ಇಲಿನಾಯ್ ರಾಜ್ಯದ ಸ್ಮರಣೆ ಪ್ರತಿಮೆಯಲ್ಲಿ ನಿಂತಿಲ್ಲ, ದಾರಿಯಲ್ಲಿ ಹರಡಿದೆ. ಗೌರವಕ್ಕೆ ಯೋಗ್ಯವಾದದ್ದು ಆ ದಾರಿಯಲ್ಲಿ ಲಿಂಕನ್ ಸಾಗಿದ ಚಲನೆ. ಚಾರ್ಲ್ಸ್‌ಟನ್‌ನ ಮಾತನ್ನು ಅಳಿಸಿದರೆ ಅವರು ದೊಡ್ಡವರಾಗುವುದಿಲ್ಲ. ಆ ಮಾತಿನಾಚೆ ಅವರು ನಡೆದುಹೋದರೆಂಬ ಹಿರಿಮೆಯೇ ಅಳಿಸಿಹೋಗುತ್ತದೆ.

ಆದ್ದರಿಂದ ಯಾವುದೇ ರಾಜ್ಯ ತನ್ನ ಮಾಜಿ ಅಧ್ಯಕ್ಷನ ನೆನಪನ್ನು ಊರೂರುಗಳಲ್ಲಿ ಉಳಿಸಹೊರಟಾಗ ಇಲಿನಾಯ್ ಅನುಭವದಿಂದ ಕಲಿಯಬೇಕಾದದ್ದಿದೆ. ಪ್ರತಿ ಊರು ತನ್ನ ಪಾಲಿನ ದಿನವನ್ನು, ಒಳ್ಳೆಯದಾಗಲಿ ಕೆಟ್ಟದಾಗಲಿ, ಪುರಾವೆಯ ಮಟ್ಟಿಗೆ ಪೂರ್ತಿಯಾಗಿ ಹೇಳಬೇಕು. ಪಕ್ಕದ ಊರಿನ ದಿನದೊಂದಿಗೆ ಅದನ್ನು ಜೋಡಿಸಬೇಕು. ಆ ಕಥೆಯಿಂದ ಹೊರಗುಳಿದವರ ಮನೆಗಳನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕು. ಡಿಕ್ಸನ್ ಮತ್ತು ಆರೆಗನ್‌ಗಳ ನಡುವೆ ಈ ಕೆಲಸ ಇನ್ನೂ ಬಾಕಿಯಿದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅದು ಶತಮಾನ ತಡವಾಗಿ ಆರಂಭವಾಗಿದೆ. ತಾನು ಬದಲಾಗುತ್ತ ಬೆಳೆದ ನಾಯಕನನ್ನು ನೆನೆಯುವ ಸ್ಮಾರಕಗಳು ತಾವೂ ಬದಲಾಗಲು ಸಿದ್ಧವಿರುವುದು ಆ ನಾಯಕನಿಗೆ ಸಲ್ಲುವ ನ್ಯಾಯವಾದ ಗೌರವ.