ಶಸ್ತ್ರ ಹಿಡಿಯದವರ ವಂಶಾವಳಿ

ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಥಗಳಲ್ಲಿ ಮೆನ್ನೊನೈಟರ ಪಂಥವು ಸಂಖ್ಯೆಯಲ್ಲಿ ಚಿಕ್ಕದಾದರೂ ಆಚಾರನಿಷ್ಠೆಯಲ್ಲಿ ಎದ್ದು ಕಾಣುವಂಥದು. 1525ರ ಜನವರಿ 21ರಂದು ಜ್ಯೂರಿಕ್ ನಗರದ ಒಂದು ಮನೆಯಲ್ಲಿ ಕೆಲವರು ಸೇರಿ, ಶಿಶುವಾಗಿದ್ದಾಗ ಪಡೆದ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲವೆಂದು ತೀರ್ಮಾನಿಸಿ, ತಿಳಿವಳಿಕೆ ಬಂದ ವಯಸ್ಸಿನಲ್ಲಿ ಮತ್ತೆ ದೀಕ್ಷೆ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್‌ನನ್ನು ಎರಡು ವರ್ಷ ಕಳೆಯುವುದರೊಳಗೆ ಅದೇ ನಗರದ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. 1536ರಲ್ಲಿ ಕ್ಯಾಥೊಲಿಕ್ ಪೌರೋಹಿತ್ಯವನ್ನು ತ್ಯಜಿಸಿದ ಡಚ್ ಪಾದ್ರಿ ಮೆನ್ನೊ ಸೈಮನ್ಸ್‌ನ ಹೆಸರು ಕ್ರಮೇಣ ಈ ಜನರಿಗೆ ಅಂಟಿಕೊಂಡಿತು. ಶಿಶುದೀಕ್ಷೆಯನ್ನು ಒಲ್ಲೆವೆಂದದ್ದು ಒಂದು. ಖಡ್ಗವನ್ನು ಹಿಡಿಯೆವೆಂದದ್ದು ಇನ್ನೊಂದು. ಈ ಎರಡು ನಿರಾಕರಣೆಗಳ ಬೆಲೆಯನ್ನು ಅವರು ನಾಲ್ಕು ಶತಮಾನಗಳ ಕಾಲ ದೇಶದಿಂದ ದೇಶಕ್ಕೆ ಅಲೆಯುತ್ತ ತೆತ್ತರು.

ಹೀಗೆ ಅಲೆದವರ ವಂಶಜರು ಇಂದು ತಮ್ಮ ಪೂರ್ವಜರನ್ನು ಹುಡುಕಲು ಬಳಸುವ ಒಂದು ದೊಡ್ಡ ದಾಖಲೆ ಭಂಡಾರವಿದೆ. ಕ್ಯಾಲಿಫೋರ್ನಿಯಾದ ಮೆನ್ನೊನೈಟ್ ಇತಿಹಾಸ ಸಂಘದ ಆಶ್ರಯದಲ್ಲಿ 1980ರ ದಶಕದಲ್ಲಿ ಆರಂಭವಾದ ಈ ಕಾರ್ಯವು ಮೊದಲು ಕಂಪ್ಯೂಟರ್ ತಟ್ಟೆಗಳ ರೂಪದಲ್ಲಿ ಹಂಚಿಕೆಯಾಗಿ, ಅನಂತರ ಅಂತರಜಾಲಕ್ಕೆ ಬಂದಿತು. ಇದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವ್ಯಕ್ತಿಗಳ ವಿವರಗಳಿವೆ. ಇದರ ಉದ್ದವಾದ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ‘ಗ್ರ್ಯಾಂಡ್‌ಮಾ’, ಅಂದರೆ ‘ಅಜ್ಜಿ’ ಎಂಬ ಪದವಾಗುತ್ತದೆ. ಮನೆತನದ ನೆನಪುಗಳನ್ನು ಮಡಿಲಲ್ಲಿಟ್ಟುಕೊಂಡವಳು ಅಜ್ಜಿಯೇ ಆದುದರಿಂದ ಹೆಸರು ಒಪ್ಪುವಂತಿದೆ. ನೆದರ್‌ಲೆಂಡ್ಸ್‌ನಿಂದ ವಿಸ್ಟುಲಾ ನದಿಯ ಮುಖಜಭೂಮಿಗೆ, ಅಲ್ಲಿಂದ ದಕ್ಷಿಣ ರಷ್ಯಾಕ್ಕೆ, ಮುಂದೆ ಕೆನಡಾ, ಅಮೆರಿಕ, ಮೆಕ್ಸಿಕೊ, ಪರಾಗ್ವೆಗಳಿಗೆ ಹರಿದ ಶಾಖೆಯೇ ಇದರ ಮುಖ್ಯ ವಿಷಯ.

ಇಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಒಂದು ಕ್ರಮಸಂಖ್ಯೆಯಿದೆ. ಅದಕ್ಕೆ ಕಾರಣವುಂಟು. ಈ ಸಮಾಜದಲ್ಲಿ ಮನೆತನದ ಹೆಸರುಗಳು ಕೆಲವೇ: ಪೆನ್ನರ್, ವೀಬೆ, ಫ್ರೀಸನ್, ಡಿಕ್, ಕ್ಲಾಸನ್, ರೈಮರ್, ಯಾನ್ಜನ್. ಮಕ್ಕಳಿಗೆ ಇಡುವ ಹೆಸರುಗಳು ಇನ್ನೂ ಕೆಲವು: ಯಾಕೋಬ್, ಪೀಟರ್, ಯೋಹಾನ್, ಆನ್ನಾ, ಮರಿಯಾ, ಕತರೀನಾ. ಮೊದಲ ಮಗು ತೀರಿಕೊಂಡರೆ ಅನಂತರ ಹುಟ್ಟಿದ ಮಗುವಿಗೂ ಅದೇ ಹೆಸರನ್ನಿಡುವುದಿತ್ತು. ಒಂದೇ ಹಳ್ಳಿಯಲ್ಲಿ, ಒಂದೇ ಕಾಲದಲ್ಲಿ ಮೂವರು ಯಾಕೋಬ್ ಫ್ರೀಸನ್ನರಿದ್ದರೆ ಯಾರ ಮೊಮ್ಮಗ ಯಾರೆಂದು ಹೇಳುವ ಬಗೆ ಹೇಗೆ? ಸಂಖ್ಯೆಯೇ ಗತಿ. ದಿನಾಂಕಗಳದೂ ಇಂಥದೇ ತೊಡಕು. ರಷ್ಯಾದ ಹಳೆಯ ಪಂಚಾಂಗವು ಹತ್ತೊಂಬತ್ತನೆಯ ಶತಮಾನದಲ್ಲಿ ಹನ್ನೆರಡು ದಿನ, ಇಪ್ಪತ್ತನೆಯದರಲ್ಲಿ ಹದಿಮೂರು ದಿನ ಹಿಂದಿತ್ತಾದ್ದರಿಂದ ಒಬ್ಬನೇ ವ್ಯಕ್ತಿಯು ಎರಡು ಜನ್ಮದಿನಗಳೊಂದಿಗೆ ಇಬ್ಬರಾಗಿ ಕಾಣಿಸಿಕೊಳ್ಳುವುದುಂಟು. ತಮ್ಮೊಳಗೇ ಮದುವೆಯಾಗುತ್ತ ಬಂದ ಜನವಾದ್ದರಿಂದ ಇಬ್ಬರು ಅಪರಿಚಿತರ ಸಂಬಂಧವನ್ನು ಹುಡುಕಿದರೆ ಒಂದಲ್ಲ, ಹಲವು ದಾರಿಗಳು ತೆರೆಯುತ್ತವೆ.

ಕುತೂಹಲದ ಸಂಗತಿಗಳೇನೋ ಇವು. ಆದರೆ ಹೆಚ್ಚು ವಿಚಾರಕ್ಕೆ ಹಚ್ಚುವ ಪ್ರಶ್ನೆ ಬೇರೆ. ಈ ಹೆಸರುಗಳನ್ನು ಮೊದಲು ಬರೆದಿಟ್ಟವರು ಯಾರು, ಯಾವ ಉದ್ದೇಶಕ್ಕಾಗಿ?

ಆ ಕಾಲದ ಯೂರೋಪಿನಲ್ಲಿ ಒಬ್ಬ ಮನುಷ್ಯನ ಅಸ್ತಿತ್ವಕ್ಕೆ ಮೊದಲ ಸಾಕ್ಷಿಯೆಂದರೆ ಇಗರ್ಜಿಯ ಶಿಶುದೀಕ್ಷೆಯ ದಾಖಲೆ. ಅದನ್ನೇ ನಿರಾಕರಿಸಿದವರ ಮಕ್ಕಳು ಆ ಪುಸ್ತಕಗಳಲ್ಲಿ ಸಹಜವಾಗಿಯೇ ಇರಲಿಲ್ಲ. ಪಂಥದ ಸಭೆಗಳು ತಮ್ಮದೇ ಕುಟುಂಬ ಪುಸ್ತಕಗಳನ್ನು ಕ್ರಮವಾಗಿ ಇಡತೊಡಗಿದ್ದು ಬಹುಪಾಲು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮುಂಚೆ, ದೀಕ್ಷೆಯ ವಯಸ್ಸನ್ನು ತಲುಪದೆ ತೀರಿಕೊಂಡ ಅಸಂಖ್ಯ ಮಕ್ಕಳ ಕುರುಹೇ ಉಳಿದಿಲ್ಲ. ಪ್ರಷ್ಯಾದ ಕೆಲವು ಕಡೆ ಲೂಥರನ್ ಹಾಗೂ ಕ್ಯಾಥೊಲಿಕ್ ಇಗರ್ಜಿಗಳ ಪುಸ್ತಕಗಳಲ್ಲಿ ಮೆನ್ನೊನೈಟರ ಜನನ ಮರಣಗಳು ನಮೂದಾಗಿರುವುದು ನಿಜ. ಆದರೆ ಅದು ಆದರದಿಂದಲ್ಲ. ತಾವು ಸೇರದ ಇಗರ್ಜಿಯ ಪಾದ್ರಿಗೂ ಅವರು ಶುಲ್ಕ ತೆರಬೇಕಾಗಿತ್ತು. ಪಾವತಿಯ ಲೆಕ್ಕವೇ ಮುಂದೆ ವಂಶದ ಲೆಕ್ಕವಾಯಿತು.

ಈ ಮಾತಿಗೆ ಇನ್ನೂ ಸ್ಪಷ್ಟವಾದ ನಿದರ್ಶನವೆಂದರೆ 1776ರ ಪಟ್ಟಿ. 1772ರಲ್ಲಿ ಪೋಲೆಂಡಿನ ಮೊದಲ ವಿಭಜನೆಯಾದಾಗ ವಿಸ್ಟುಲಾ ಪ್ರದೇಶದ ಬಹುಭಾಗವು ಪ್ರಷ್ಯಾದ ಎರಡನೆಯ ಫ್ರೆಡೆರಿಕನ ವಶವಾಯಿತು. ಸೈನ್ಯವೇ ಪ್ರಾಣವಾಗಿದ್ದ ಆ ರಾಜ್ಯದಲ್ಲಿ ಸೈನ್ಯಕ್ಕೆ ಸೇರದ ಪ್ರಜೆಗಳನ್ನು ಏನು ಮಾಡಬೇಕು? ರಾಜನು ಕಂಡುಕೊಂಡ ಪರಿಹಾರ ವ್ಯಾಪಾರಿಯದು. ಮೆನ್ನೊನೈಟರು ಸೈನ್ಯಸೇವೆಗೆ ಬದಲಾಗಿ ಕುಲ್ಮ್ ಪಟ್ಟಣದ ಸೈನಿಕ ಶಾಲೆಗೆ ವರ್ಷಕ್ಕೆ 5,000 ಥಾಲರ್ ಕೊಡತಕ್ಕದ್ದು. 1776ರಲ್ಲಿ ಸರಕಾರವು ಅವರ ಮನೆಮನೆಯ ಪಟ್ಟಿಯನ್ನು ಮಾಡಿಸಿತು. ಅದರಲ್ಲಿ ಯಜಮಾನನ ಹೆಸರಿದೆ, ಕಸುಬಿದೆ, ಆರ್ಥಿಕ ಸ್ಥಿತಿಯಿದೆ. ಹೆಂಡತಿ, ಮಕ್ಕಳು, ಆಳುಗಳು ಕೇವಲ ಸಂಖ್ಯೆಗಳು. ತಾವು ಕೊಲ್ಲುವುದಿಲ್ಲವೆಂದವರು ಕೊಲ್ಲುವುದನ್ನು ಕಲಿಸುವ ಶಾಲೆಗೆ ಹಣ ತೆತ್ತರೆಂಬುದು ಅಹಿಂಸೆಯನ್ನು ಕುರಿತು ಯೋಚಿಸುವ ಯಾರನ್ನಾದರೂ ಕಾಡಬೇಕಾದ ವಿಷಯ. ಇದನ್ನು ರಾಜಿ ಎನ್ನುವವರಿದ್ದಾರೆ, ವಿವೇಕ ಎನ್ನುವವರೂ ಇದ್ದಾರೆ. ಹೊಲಗದ್ದೆ, ಮಕ್ಕಳುಮರಿಗಳಿದ್ದ ರೈತರ ಮುಂದೆ ಬೇರೆ ಮಾರ್ಗಗಳು ಹೆಚ್ಚು ಇರಲಿಲ್ಲವೆಂಬುದನ್ನಾದರೂ ನೆನೆಯಬೇಕು.

ಹಣ ತೆತ್ತದ್ದೂ ಸಾಕಾಗಲಿಲ್ಲ. ಮೆನ್ನೊನೈಟನೊಬ್ಬ ಹೊಲ ಕೊಂಡರೆ ಆ ಹೊಲದಿಂದ ಸೈನಿಕನು ಬರುವುದು ತಪ್ಪುತ್ತದೆಂಬ ತರ್ಕದಿಂದ 1789ರಲ್ಲಿ ಅವರು ಹೊಸದಾಗಿ ಭೂಮಿ ಕೊಳ್ಳುವುದಕ್ಕೆ ಕಟ್ಟುಪಾಡು ವಿಧಿಸಲಾಯಿತು. ಅದೇ ಸುಮಾರಿಗೆ ರಷ್ಯಾದ ಎರಡನೆಯ ಕ್ಯಾಥರೀನಳ ಆಹ್ವಾನದ ಮೇರೆಗೆ ಹೊರಟ 228 ಕುಟುಂಬಗಳು ನೀಪರ್ ನದಿಯ ದಡದಲ್ಲಿ ಖೋರ್ಟಿಟ್ಸಾ ವಸಾಹತನ್ನು ಕಟ್ಟಿದವು. 1804ರಲ್ಲಿ ಮೊಲೋಚ್ನಾ ವಸಾಹತು ಆರಂಭವಾಯಿತು. 1874ರಲ್ಲಿ ರಷ್ಯಾ ಸಹ ಸೈನ್ಯಸೇವೆಯನ್ನು ಸಾರ್ವತ್ರಿಕಗೊಳಿಸಿದಾಗ ಸುಮಾರು 18,000 ಜನರು ಸಾಗರ ದಾಟಿ ಉತ್ತರ ಅಮೆರಿಕಕ್ಕೆ ಹೋದರು. ಉಳಿದವರಿಗೆ ಅರಣ್ಯಸೇವೆಯ ಬದಲಿ ವ್ಯವಸ್ಥೆ ದೊರೆಯಿತು. ಮೊಲೋಚ್ನಾದ ಜನಗಣತಿಗಳು, ಶಾಲಾಪಟ್ಟಿಗಳು, ಪತ್ರವ್ಯವಹಾರಗಳೆಲ್ಲವೂ ಸೇರಿದ ದೊಡ್ಡ ಸಂಗ್ರಹವನ್ನು 1929ರಲ್ಲಿ ಸೋವಿಯತ್ ಅಧಿಕಾರಿಗಳು ವಶಪಡಿಸಿಕೊಂಡರು. ನಾಶವಾಯಿತೆಂದೇ ಎಲ್ಲರೂ ತಿಳಿದಿದ್ದ ಆ ಕಾಗದಗಳು 1990ರಲ್ಲಿ ಒಡೆಸ್ಸಾ ನಗರದ ದಫ್ತರಖಾನೆಯಲ್ಲಿ ಪತ್ತೆಯಾದವು. ದೂರದೇಶಗಳಲ್ಲಿದ್ದ ಎಷ್ಟೋ ಮನೆತನಗಳ ಕಡಿದ ಕೊಂಡಿಗಳು ಅದರಿಂದ ಕೂಡಿಕೊಂಡವು.

ಭಂಡಾರದಲ್ಲಿ ಒಂದು ಊರಿನ ಹೆಸರನ್ನು ಹುಡುಕುತ್ತ ಹೋದವನಿಗೆ ಒಮ್ಮೊಮ್ಮೆ ಎದೆ ಧಸಕ್ಕೆನ್ನುವ ಸಂಗತಿ ಎದುರಾಗುತ್ತದೆ. ಐಖೆನ್‌ಫೆಲ್ಟ್ ಎಂಬ ಹಳ್ಳಿಯಲ್ಲಿ ತಂದೆ, ಮಕ್ಕಳು, ನೆರೆಯವರೆಲ್ಲರ ಮರಣದಿನವೂ ಒಂದೇ: 1919ರ ಅಕ್ಟೋಬರ್ 26, ಹಳೆಯ ಪಂಚಾಂಗದಂತೆ. ಅಂತರ್ಯುದ್ಧದ ಆ ದಿನಗಳಲ್ಲಿ ನೆಸ್ಟರ್ ಮಖ್ನೊನ ಪಡೆಗಳಿಗೆ ಸೇರಿದವರು ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಅದಕ್ಕೆ ಮುಂಚೆ ವಸಾಹತುಗಳ ಕೆಲವು ಯುವಕರು ಆತ್ಮರಕ್ಷಣಾ ದಳಗಳನ್ನು ಕಟ್ಟಿಕೊಂಡು ಬಂದೂಕು ಹಿಡಿದಿದ್ದರು. ನಾಲ್ಕು ಶತಮಾನಗಳ ವ್ರತವು ಅಲ್ಲಿ ಮುರಿದಿತ್ತು. ಈ ದಳಗಳಿಂದ ವಿಪತ್ತು ಹೆಚ್ಚಾಯಿತೆ, ಕಡಿಮೆಯಾಯಿತೆ ಎಂಬ ಚರ್ಚೆ ಅವರಲ್ಲಿ ತಲೆಮಾರುಗಳ ತನಕ ನಡೆಯಿತು. ಮರಣದಿನದ ಪಟ್ಟಿಯಿಂದಷ್ಟೇ ಅದಕ್ಕೆ ಉತ್ತರ ಸಿಕ್ಕುವುದಿಲ್ಲ.

ಇಷ್ಟರ ತನಕ ವಂಶಾವಳಿಯು ಸಂಕಟದ ಸಾಕ್ಷಿಯಾಗಿತ್ತು. ಮುಂದಿನ ಅಧ್ಯಾಯ ಅಷ್ಟು ಸರಳವಲ್ಲ. ಹಿಟ್ಲರನ ಜರ್ಮನಿಯಲ್ಲಿ ‘ಶುದ್ಧ ರಕ್ತ’ದ ಪ್ರಮಾಣಪತ್ರಕ್ಕೆ ಇಗರ್ಜಿ ಪುಸ್ತಕಗಳು ಆಧಾರವಾದವು, ತಮ್ಮೊಳಗೇ ಮದುವೆಯಾಗುತ್ತ ಬಂದ ಮೆನ್ನೊನೈಟರ ದಾಖಲೆಗಳು ಜನಾಂಗವಾದಿಗಳಿಗೆ ಬಹಳ ಪ್ರಿಯವಾದವು. 1935ರಿಂದ ಡಾನ್‌ಜಿಗ್‌ನ ಕೆಲವು ಮನೆತನಗಳು ವಂಶಶೋಧನೆಗೇ ಮೀಸಲಾದ ಪತ್ರಿಕೆಯೊಂದನ್ನು ಹೊರಡಿಸಿದವು. 1941ರಲ್ಲಿ ಜರ್ಮನ್ ಸೈನ್ಯವು ಉಕ್ರೇನನ್ನು ಆಕ್ರಮಿಸಿದ ಮೇಲೆ ಕಾರ್ಲ್ ಸ್ಟುಂಪ್‌ನ ನೇತೃತ್ವದ ತಂಡವು ಜರ್ಮನ್ ಭಾಷಿಕರ ಹಳ್ಳಿಗಳಲ್ಲಿ ಮನೆಮನೆಯ ವರದಿ ತಯಾರಿಸಿತು. ಖೋರ್ಟಿಟ್ಸಾದಲ್ಲಿ ಈ ಲೇಖಕರು ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ ಕಾಲದಲ್ಲೇ, 1942ರ ವಸಂತದಲ್ಲಿ, ಹತ್ತಿರದ ಝಪೋರಿಝಿಯಾ ನಗರದ ಯೆಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲಲಾಯಿತು. ಒಬ್ಬರ ವಂಶವನ್ನು ಬರೆಯಿಸಿದ ಅಧಿಕಾರವೇ ಇನ್ನೊಬ್ಬರ ವಂಶವನ್ನು ಅಳಿಸಿತು. 1943ರಲ್ಲಿ ಹಿಮ್ಮೆಟ್ಟುತ್ತಿದ್ದ ಆ ಸೈನ್ಯದೊಂದಿಗೆ ಸುಮಾರು 35,000 ಮೆನ್ನೊನೈಟರು ಪಶ್ಚಿಮಕ್ಕೆ ಹೊರಟಾಗ, ಪೌರತ್ವಕ್ಕಾಗಿ ಅವರು ತುಂಬಿಕೊಟ್ಟ ಅರ್ಜಿಗಳಲ್ಲಿ ಪೂರ್ವಜರ ವಿವರಗಳಿದ್ದವು. ಯುದ್ಧಾನಂತರ ಅಮೆರಿಕನ್ನರ ಕೈಸೇರಿದ ಆ ಕಡತಗಳೂ ಇಂದು ವಂಶಶೋಧಕರಿಗೆ ದೊಡ್ಡ ಆಕರ. ಮುತ್ತಜ್ಜಿಯ ಜನ್ಮದಿನ ಅದರಲ್ಲಿ ದೊರೆತಾಗ ಆಗುವ ಸಂತೋಷ ಸುಳ್ಳಲ್ಲ. ಆ ದಿನಾಂಕವನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬರೆಯಲಾಯಿತೆಂಬುದೂ ಸುಳ್ಳಲ್ಲ. ಅಜ್ಜಿಯ ಹೆಸರನ್ನು ಹೊತ್ತ ಭಂಡಾರವು ಮೊದಲನೆಯದನ್ನು ಸುಲಭವಾಗಿ ಕೊಡುತ್ತದೆ. ಎರಡನೆಯದನ್ನು ಓದುಗನೇ ಮೂಲದ ತನಕ ಹೋಗಿ ತಿಳಿಯಬೇಕು.

ಅದೇ ಹಳ್ಳಿವರದಿಗಳಲ್ಲಿ ಇನ್ನೊಂದು ಬಗೆಯ ಮಾಹಿತಿಯೂ ಇದೆ. ಸ್ಟಾಲಿನ್ ಕಾಲದಲ್ಲಿ ಪೊಲೀಸರು ಕರೆದೊಯ್ದ ಗಂಡಸರ ಹೆಸರುಗಳನ್ನು ಅವು ಮನೆವಾರು ನಮೂದಿಸುತ್ತವೆ. 1937-38ರಲ್ಲಿ ಬಂಧಿತರಾದ ಅನೇಕರ ವಿಷಯದಲ್ಲಿ ಹೆಂಡತಿಯರಿಗೆ ದೊರೆತ ಉತ್ತರ ‘ಹತ್ತು ವರ್ಷ, ಪತ್ರವ್ಯವಹಾರದ ಹಕ್ಕಿಲ್ಲ’ ಎಂದಷ್ಟೇ. 1950ರ ದಶಕದಲ್ಲಿ ಎಷ್ಟೋ ಮನೆಗಳಿಗೆ ಮರಣಪತ್ರಗಳು ಬಂದವು. ಸೆರೆಯಲ್ಲಿ ಕಾಯಿಲೆಯಿಂದ, ಯುದ್ಧದ ವರ್ಷಗಳಲ್ಲಿ ತೀರಿಕೊಂಡನೆಂದು ಅವುಗಳಲ್ಲಿ ಬರೆದಿತ್ತು. ಮಕ್ಕಳು ಆ ದಿನಾಂಕವನ್ನೇ ನಂಬಿ ಮನೆಯ ಬೈಬಲಿನಲ್ಲಿ ಬರೆದುಕೊಂಡರು. ಸೋವಿಯತ್ ಒಕ್ಕೂಟವು ಕುಸಿದು ಕಡತಗಳು ತೆರೆದ ಮೇಲೆ, ಬಂಧನವಾದ ಕೆಲವೇ ವಾರಗಳಲ್ಲಿ ಅವರನ್ನು ಗುಂಡಿಕ್ಕಿ ಕೊಂದಿದ್ದರೆಂಬುದು ತಿಳಿದುಬಂತು. ಅಂಥವರ ಹೆಸರಿನ ಮುಂದೆ 1943 ಎಂದೋ 1944 ಎಂದೋ ಇದ್ದುದನ್ನು ಅಳಿಸಿ, 1937 ಅಥವಾ 1938 ಎಂದು ತಿದ್ದಬೇಕಾಯಿತು.