ಕ್ಲಸ್ಟರ್ ಕಡತ ವ್ಯವಸ್ಥೆ: ದೋಷಪತ್ತೆ ಮಾಹಿತಿ ಸಂಗ್ರಹ

ಹಲವು ಸರ್ವರ್‌ಗಳು ಕೂಡಿ ನಡೆಸುವ ಕಡತ ಭಂಡಾರದಲ್ಲಿ ತೊಂದರೆ ಕಂಡಾಗ, ಅದರ ಮೂಲ ಹುಡುಕಲು ಬೇಕಾದ ದಾಖಲೆಗಳನ್ನು ಎಲ್ಲ ನೋಡ್‌ಗಳಿಂದ ಒಟ್ಟುಗೂಡಿಸುವ ಕ್ರಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಆರಂಭವಾದ ಕ್ರೇ ಎಕ್ಸ್‌ಸಿ40 ಸೂಪರ್‌ಕಂಪ್ಯೂಟರ್ ‘ಸಹಸ್ರ-ಟಿ’ ಬಳಸಿದ ಲಸ್ಟರ್ ಇಂಥ ಒಂದು ಕಡತ ವ್ಯವಸ್ಥೆ.

ಕಾರ್ಯವಿಧಾನ: ಲಸ್ಟರ್‌ನಲ್ಲಿ ಕಡತದ ಹೆಸರು, ಅನುಮತಿಗಳು ಮೆಟಾಡೇಟಾ ಸರ್ವರ್‌ನಲ್ಲಿರುತ್ತವೆ; ಒಳಗಿನ ದತ್ತಾಂಶ ತುಂಡುಗಳಾಗಿ ಹಲವು ಸಂಗ್ರಹ ಸರ್ವರ್‌ಗಳಿಗೆ ಹಂಚಿಹೋಗಬಹುದು. ಹಾಗಾಗಿ ಒಂದೇ ಯಂತ್ರದ ಲಾಗ್ ನೋಡಿ ತೀರ್ಮಾನಕ್ಕೆ ಬರಲಾಗದು. ಡೀಬಗ್ ಲಾಗ್ ಮೆಮೊರಿಯಲ್ಲಿ ಸುತ್ತುಸುತ್ತಾಗಿ ಬರೆಯಲ್ಪಡುವುದರಿಂದ ಹಳೆಯ ಸಾಲುಗಳು ಅಳಿಯುತ್ತವೆ; ರೀಬೂಟ್ ಮಾಡಿದರೆ ಪೂರ್ತಿ ಇಲ್ಲವಾಗುತ್ತದೆ. ಅದಕ್ಕೂ ಮುನ್ನ ‘ಎಲ್‌ಸಿಟಿಎಲ್’ ಆದೇಶದಿಂದ ಅದನ್ನು ಕಡತಕ್ಕೆ ಇಳಿಸಿಕೊಳ್ಳಬೇಕು. ಇಂಥದೇ ಇನ್ನೊಂದು ಕಡತ ವ್ಯವಸ್ಥೆಯಾದ ಐಬಿಎಂನ ಜಿಪಿಎಫ್‌ಎಸ್‌ನಲ್ಲಿ ‘ಜಿಪಿಎಫ್‌ಎಸ್.ಸ್ನ್ಯಾಪ್’ ಆದೇಶ ಲಾಗ್‌ಗಳನ್ನೂ ಸಂರಚನೆಯ ವಿವರಗಳನ್ನೂ ಕಲೆಹಾಕಿ ಒಂದೇ ಟಾರ್ ಕಡತವಾಗಿ ಕಟ್ಟಿಕೊಡುತ್ತದೆ.

ಎಚ್ಚರಿಕೆಗಳು: ಎಲ್ಲ ನೋಡ್‌ಗಳ ಗಡಿಯಾರ ಒಂದೇ ಸಮಯ ತೋರದಿದ್ದರೆ ಘಟನೆಗಳ ಹಿಂದುಮುಂದು ತಿಳಿಯದು. ಸಂಗ್ರಹದಲ್ಲಿ ಬಳಕೆದಾರರ ಹೆಸರು, ಐಪಿ ವಿಳಾಸಗಳು ಇರಬಹುದಾದ್ದರಿಂದ ಹೊರಗೆ ಕಳಿಸುವ ಮುನ್ನ ಪರಿಶೀಲಿಸುವುದು ಅಗತ್ಯ.