ಫೈರ್‌ಫಾಕ್ಸ್ ಅಪ್‌ಗ್ರೇಡೂ, ಮುರಿದುಬೀಳುವ ಎಕ್ಸ್‌ಟೆನ್ಶನ್ನುಗಳೂ

ಫೈರ್‌ಫಾಕ್ಸಿನ ಹಳೆಯ ಬಳಕೆದಾರರು ಯಾರಾದರೂ ಸಿಕ್ಕರೆ ಕೇಳಿ ನೋಡಿ. ಹೊಸ ಆವೃತ್ತಿ ಬಂತು ಅಂದ ಕೂಡಲೇ ಅವರಿಗೆ ಖುಷಿಗಿಂತ ಮೊದಲು ಹುಟ್ಟುತ್ತಿದ್ದದ್ದು ಹೆದರಿಕೆ. ಅಪ್‌ಗ್ರೇಡ್ ಮಾಡಿ ಬ್ರೌಸರ್ ತೆರೆದರೆ ಎದುರಿಗೆ ಒಂದು ಪಟ್ಟಿ: ಇಂತಿಂಥ ಎಕ್ಸ್‌ಟೆನ್ಶನ್ನುಗಳು ಈ ಆವೃತ್ತಿಗೆ ಹೊಂದುವುದಿಲ್ಲ, ನಿಲ್ಲಿಸಲಾಗಿದೆ. ಈ ರಗಳೆ ಹತ್ತಿರ ಹತ್ತಿರ ಹದಿನೈದು ವರ್ಷ ನಡೆಯಿತು. ಅದು ಮುಗಿದ ರೀತಿ ಸರಿಯೇ ಇತ್ತು ಅಂತ ನನ್ನೊಳಗಿನ ಇಂಜಿನಿಯರ್ ಹೇಳುತ್ತಾನೆ. ಬಳಕೆದಾರ ಒಪ್ಪುವುದಿಲ್ಲ.

ಕಥೆ ಶುರುವಾಗುವುದು ನೆಟ್‌ಸ್ಕೇಪಿನಿಂದ. 1998ರ ಮಾರ್ಚಿನಲ್ಲಿ ಆ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಹುಟ್ಟಿದ ಮೊಜಿಲ್ಲಾ ತಂತ್ರಾಂಶ ಮಾತ್ರ ಭಾರಿ ದಪ್ಪ. ಬ್ರೌಸರು, ಮೈಲು, ಪುಟ ಬರೆಯುವ ಎಡಿಟರು, ಎಲ್ಲಾ ಒಂದೇ ಮೂಟೆಯಲ್ಲಿ. ಇದರಿಂದ ಬೇಸತ್ತ ಡೇವ್ ಹಯಾಟ್, ಬ್ಲೇಕ್ ರಾಸ್ ಮುಂತಾದ ಕೆಲವರು ಬರೀ ಬ್ರೌಸರನ್ನಷ್ಟೇ ಬೇರೆ ಮಾಡಿದರು. 2002ರ ಸೆಪ್ಟೆಂಬರಿನಲ್ಲಿ 'ಫೀನಿಕ್ಸ್ 0.1' ಬಂತು. ಆ ಹೆಸರಿಗೆ ಬಯೋಸ್ ಮಾಡುವ ಕಂಪನಿಯೊಂದು ತಕರಾರು ತೆಗೆಯಿತು. 'ಫೈರ್‌ಬರ್ಡ್' ಅಂತ ಬದಲಿಸಿದರೆ ಅದೇ ಹೆಸರಿನ ಡೇಟಾಬೇಸಿನವರು ಸಿಟ್ಟಾದರು. ಕೊನೆಗೆ 2004ರ ಫೆಬ್ರವರಿಯಲ್ಲಿ 'ಫೈರ್‌ಫಾಕ್ಸ್' ಆಗಿ, ಅದೇ ವರ್ಷ ನವೆಂಬರ್ 9ಕ್ಕೆ 1.0 ಹೊರಬಂತು.

ಬ್ರೌಸರ್ ಸಣ್ಣದಾಗಿರಲಿ, ಹೆಚ್ಚಿಗೆ ಬೇಕಾದವರು ಎಕ್ಸ್‌ಟೆನ್ಶನ್ ಹಾಕಿಕೊಳ್ಳಲಿ ಅನ್ನುವುದು ಅವರ ಲೆಕ್ಕಾಚಾರ. ಇದು ಸಾಧ್ಯವಾದದ್ದು 'ಝೂಲ್' ಎಂಬ ಭಾಷೆಯಿಂದ. (ಹೆಸರಿನ ಹಿಂದೆ 'ಘೋಸ್ಟ್‌ಬಸ್ಟರ್ಸ್' ಸಿನಿಮಾದ ತಮಾಷೆ ಇದೆ. ಆ ಸಿನಿಮಾದ ಡೈಲಾಗೊಂದನ್ನು ತಿರುಚಿ ಭಾಷೆಯ ನೇಮ್‌ಸ್ಪೇಸ್ ವಿಳಾಸಕ್ಕೇ ಸೇರಿಸಿದ್ದರು. ಪ್ರೋಗ್ರಾಮರುಗಳ ಹಾಸ್ಯಪ್ರಜ್ಞೆ ಎಲ್ಲಾ ಕಾಲಕ್ಕೂ ಒಂದೇ!) ಫೈರ್‌ಫಾಕ್ಸಿನ ಮೆನು, ಬಟನ್ನು, ಟ್ಯಾಬು ಎಲ್ಲವನ್ನೂ ಈ ಭಾಷೆಯಲ್ಲೇ ಬರೆದಿದ್ದರು. ಅಂದರೆ ಬ್ರೌಸರಿನ ಮುಖವೂ ಒಂದು ಬಗೆಯ ವೆಬ್ ಪುಟವೇ. ಎಕ್ಸ್‌ಟೆನ್ಶನ್ ಬರೆದವನು ಆ ಪುಟದ ಯಾವ ಮೂಲೆಯನ್ನಾದರೂ ಬದಲಿಸಬಹುದಿತ್ತು. ಅದು ಜಗಲಿಯಲ್ಲಿ ಕೂತು ಮಾತಾಡಿ ಹೋಗುವ ಅತಿಥಿ ಅಲ್ಲ, ಅಡುಗೆಮನೆಗೇ ನುಗ್ಗಿ ಡಬ್ಬಿ ತೆಗೆಯುವ ನೆಂಟ.

ಆ ಸಲಿಗೆಯಿಂದ ಏನೇನು ಹುಟ್ಟಿತು ನೋಡಿ. ಜಾಹೀರಾತು ತಡೆಯುವ 'ಆಡ್‌ಬ್ಲಾಕ್' 2002ರಲ್ಲೇ ಬಂತು. 2005ರಲ್ಲಿ ಆರನ್ ಬೂಡ್‌ಮನ್ ಅವರ 'ಗ್ರೀಸ್‌ಮಂಕಿ'. ಬೇರೆಯವರ ಜಾಲತಾಣ ನಿಮ್ಮ ಕಣ್ಣಿಗೆ ಹೇಗೆ ಕಾಣಬೇಕು ಅಂತ ನೀವೇ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಬರೆದು ನಿರ್ಧರಿಸಬಹುದಿತ್ತು. 2006ರ ಜನವರಿಯಲ್ಲಿ ಜೋ ಹೆವಿಟ್ ಅವರ 'ಫೈರ್‌ಬಗ್'. ಇವತ್ತು ಎಫ್12 ಒತ್ತಿ ಪುಟದ ಹೊಟ್ಟೆ ಬಗೆದು ನೋಡುತ್ತೇವಲ್ಲ, ಆ ಅಭ್ಯಾಸವನ್ನು ಮನೆಮನೆಗೆ ಮುಟ್ಟಿಸಿದ್ದು ಅದು. ನನ್ನ ಹೊಟ್ಟೆಪಾಡಿನಲ್ಲಿ ಫೈರ್‌ಬಗ್‌ನ ಋಣ ದೊಡ್ಡದು.

ನಮ್ಮ ಭಾಷೆಗಳಿಗೂ ಪಾಲು ಸಿಕ್ಕಿತು. ಯೂನಿಕೋಡ್ ಇನ್ನೂ ಎಲ್ಲೆಡೆ ಹರಡದ ಕಾಲದಲ್ಲಿ ನಮ್ಮ ಹಲವು ಪತ್ರಿಕೆಗಳ ತಾಣಗಳು ತಮ್ಮದೇ ಫಾಂಟು ಬಳಸುತ್ತಿದ್ದವು. ಫಾಂಟು ಇಲ್ಲದಿದ್ದರೆ ತೆರೆಯ ತುಂಬಾ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. 'ಪದ್ಮ' ಎಂಬ ಎಕ್ಸ್‌ಟೆನ್ಶನ್ ತೆಲುಗು, ಮಲಯಾಳಂ ಮೊದಲಾದ ಭಾಷೆಗಳ ಅಂಥ ಪುಟಗಳನ್ನು ಬ್ರೌಸರಿನೊಳಗೇ ಯೂನಿಕೋಡಿಗೆ ತಿರುಗಿಸಿ ತೋರಿಸುತ್ತಿತ್ತು. ತಾಣದವರ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ.

ಈಗ ಆ ಪಟ್ಟಿಯ ವಿಷಯಕ್ಕೆ ಬರೋಣ. ಎಕ್ಸ್‌ಟೆನ್ಶನ್ ಕಡತ ಅಂದರೆ ಬೇರೇನಲ್ಲ, ಹೆಸರು ಬದಲಿಸಿದ ಜಿಪ್ ಕಡತ. ಬಿಚ್ಚಿದರೆ ಒಳಗೊಂದು ಪುಟ್ಟ ಕಡತದಲ್ಲಿ 'ಮ್ಯಾಕ್ಸ್‌ವರ್ಶನ್' ಅನ್ನುವ ಸಾಲು, ಅಂದರೆ ಫೈರ್‌ಫಾಕ್ಸಿನ ಯಾವ ಆವೃತ್ತಿಯವರೆಗೆ ಇದು ಓಡುತ್ತದೆ ಅನ್ನುವ ಅಂಕಿ. ಅಡುಗೆಮನೆಯ ಡಬ್ಬಿಗಳ ಜಾಗ ಪ್ರತಿ ಆವೃತ್ತಿಗೂ ಬದಲಾಗುತ್ತಿದ್ದರಿಂದ ಈ ಕಟ್ಟುಪಾಡು. ಬರೆದವರು ಪರೀಕ್ಷಿಸಿ ಅಂಕಿ ಏರಿಸಬೇಕು. ಅವರಿಗೆ ಬೇರೆ ಕೆಲಸ ಬಂದು ಮರೆತರೆ? ಬಳಕೆದಾರರೇ ಜಿಪ್ ಬಿಚ್ಚಿ, ಅಂಕಿ ತಿದ್ದಿ, ಮತ್ತೆ ಕಟ್ಟುತ್ತಿದ್ದರು. ಎಷ್ಟೋ ಸಲ ಸಲೀಸಾಗಿ ಓಡುತ್ತಿತ್ತು ಕೂಡ.

ಅಪ್‌ಗ್ರೇಡ್ ಮಾಡದೇ ಇರೋಣ ಅಂದರೆ ಕನ್ನಡದವರಿಗೆ ಅದೂ ಕಷ್ಟ. ಫೈರ್‌ಫಾಕ್ಸ್ 2ರವರೆಗೆ ಪುಟದ ಎರಡೂ ಅಂಚು ಸಮ ಮಾಡಿದ ಬರಹದಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರ, ಗುಣಿತಗಳು ಒಡೆದು ಚೆಲ್ಲಾಪಿಲ್ಲಿ ಆಗುತ್ತಿದ್ದವು. 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3 ಅದನ್ನು ಸರಿಮಾಡಿತು. ಒಂದೇ ದಿನದಲ್ಲಿ 80,02,530 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆಯಾದದ್ದೂ ಅದೇ ಆವೃತ್ತಿ. ಅಕ್ಷರ ಬೇಕೋ, ಹಳೆಯ ಎಕ್ಸ್‌ಟೆನ್ಶನ್ ಬೇಕೋ ಅನ್ನುವ ಇಕ್ಕಟ್ಟು.

ಸಲಿಗೆಗೆ ಇನ್ನೊಂದು ಮುಖವೂ ಇತ್ತು. 2009ರಲ್ಲಿ 'ನೋಸ್ಕ್ರಿಪ್ಟ್' ಎಂಬ ಎಕ್ಸ್‌ಟೆನ್ಶನ್, ತನ್ನ ತಾಣದ ಜಾಹೀರಾತು ಕಾಣಲಿ ಅಂತ ಪಕ್ಕದ 'ಆಡ್‌ಬ್ಲಾಕ್ ಪ್ಲಸ್'ನ ಕೈಕಟ್ಟಿತು. ಗಲಾಟೆಯಾಗಿ, ಬರೆದವರು ಕ್ಷಮೆ ಕೇಳಿ ಹಿಂದೆಗೆದುಕೊಂಡರು. ಆದರೆ ಒಂದು ಎಕ್ಸ್‌ಟೆನ್ಶನ್ ಇನ್ನೊಂದರೊಳಗೆ ಕೈಹಾಕಬಹುದು, ತಡೆಯುವವರು ಯಾರೂ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ಇಷ್ಟರಲ್ಲಿ ಗೂಗಲ್ ಕ್ರೋಮ್ 2008ರ ಸೆಪ್ಟೆಂಬರಿನಲ್ಲಿ ಬಂದಾಗಿತ್ತು. ಅದರ ಎಕ್ಸ್‌ಟೆನ್ಶನ್ನುಗಳಿಗೆ ಜಗಲಿಯಲ್ಲಷ್ಟೇ ಜಾಗ. ಆ ವ್ಯವಸ್ಥೆ ಕಟ್ಟಿದವರಲ್ಲಿ ಗ್ರೀಸ್‌ಮಂಕಿಯ ಬೂಡ್‌ಮನ್ ಕೂಡ ಒಬ್ಬರು! ಕ್ರೋಮಿನ ವೇಗಕ್ಕೆ ಸಮ ಬರಲು ಫೈರ್‌ಫಾಕ್ಸ್ 2011ರಲ್ಲಿ ಆರು ವಾರಕ್ಕೊಂದು ಆವೃತ್ತಿ ಶುರುಮಾಡಿದಾಗ ಮ್ಯಾಕ್ಸ್‌ವರ್ಶನ್ ಕಾಟ ಮಿತಿಮೀರಿತು. 2012ರ ಆವೃತ್ತಿ 10ರಲ್ಲಿ ಆ ಕಟ್ಟುಪಾಡು ಸಡಿಲಿಸಿದರು. ಆದರೂ ಬ್ರೌಸರನ್ನು ಹಲವು ಪ್ರೊಸೆಸ್ಸುಗಳಾಗಿ ಒಡೆಯಬೇಕಾದರೆ ಹಳೆಯ ಎಕ್ಸ್‌ಟೆನ್ಶನ್ನುಗಳು ಪ್ರತಿ ಹೆಜ್ಜೆಗೂ ಅಡ್ಡ. 2015ರ ಆಗಸ್ಟಿನಲ್ಲಿ ಮೊಜಿಲ್ಲಾ ಹಳೆಯ ಪದ್ಧತಿಗೆ ಮಂಗಳ ಹಾಡುವುದಾಗಿ ಹೇಳಿತು. 2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57 ಬಂತು, ಹಾಡಿಯೂ ಬಿಟ್ಟಿತು.

ನಾನಾಗ ಇಂಜಿನಿಯರಿಂಗ್ ಕೊನೆಯ ವರ್ಷ. 57ರ ವೇಗ ಕಂಡು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದವನು ನಾನೇ. ಅದೇ ದಿನ ನನ್ನ 'ಡೌನ್‌ದೆಮ್‌ಆಲ್' ಸತ್ತಿತ್ತು. ಅದು 2019ರಲ್ಲಿ ಮರಳಿ ಬಂತು, ಅರ್ಧ ಶಕ್ತಿ ಕಳೆದುಕೊಂಡು. ಮೆನು, ಟ್ಯಾಬುಗಳನ್ನು ಹಳೆಯ ರೂಪಕ್ಕೆ ತರುತ್ತಿದ್ದ 'ಕ್ಲಾಸಿಕ್ ಥೀಮ್ ರಿಸ್ಟೋರರ್' ಬರಲೇ ಇಲ್ಲ.

ಭದ್ರತೆ ಹೆಚ್ಚಿತು, ನಿಜ. ಆದರೆ ಬೀಗದ ಕೈ ಮನೆಯವರ ಹತ್ತಿರ ಉಳಿಯಲಿಲ್ಲ. 2016ರಿಂದ ಮೊಜಿಲ್ಲಾ ಸಹಿ ಇಲ್ಲದ ಎಕ್ಸ್‌ಟೆನ್ಶನ್ ಮಾಮೂಲು ಫೈರ್‌ಫಾಕ್ಸಿನಲ್ಲಿ ಓಡುವುದಿಲ್ಲ. 2019ರ ಮೇ ತಿಂಗಳಲ್ಲಿ ಸಹಿಗೆ ಬೇಕಾದ ಸರ್ಟಿಫಿಕೇಟಿನ ಅವಧಿ ಮುಗಿದು, ಜಗತ್ತಿನಾದ್ಯಂತ ಜನರ ಎಕ್ಸ್‌ಟೆನ್ಶನ್ನುಗಳು ಏಕಾಏಕಿ ನಿಂತುಹೋದವು. ಕ್ರೋಮಿನಲ್ಲಂತೂ 'ಮ್ಯಾನಿಫೆಸ್ಟ್ ವಿ3' ಹೆಸರಿನ ಹೊಸ ನಿಯಮಗಳಿಂದ 'ಯುಬ್ಲಾಕ್ ಒರಿಜಿನ್' 2024ರಿಂದ ಬಂದ್ ಆಗತೊಡಗಿ, 2025ರಲ್ಲಿ ಪೂರ್ತಿ ಹೋಯಿತು. ಅದರ 'ಲೈಟ್' ಆವೃತ್ತಿ ಅಲ್ಲಿ ಸಿಗುತ್ತದೆ, ಹಲ್ಲು ಕಡಿಮೆ. ಮೂಲ ಯುಬ್ಲಾಕ್ ಈಗಲೂ ಫೈರ್‌ಫಾಕ್ಸಿನಲ್ಲಿ ಓಡುತ್ತಿದೆ. ನಾನಿನ್ನೂ ಫೈರ್‌ಫಾಕ್ಸ್ ಬಿಡದಿರುವುದಕ್ಕೆ ಅದೇ ಕಾರಣ.

ಅಂದಹಾಗೆ, ಮೊಜಿಲ್ಲಾ 2018ರಲ್ಲಿ ಹಳೆಯ ಎಕ್ಸ್‌ಟೆನ್ಶನ್ನುಗಳನ್ನು ತನ್ನ ತಾಣದಿಂದ ತೆಗೆಯುವ ಮೊದಲು ಕೆಲವು ಉತ್ಸಾಹಿಗಳು ಅವನ್ನೆಲ್ಲ ಇಳಿಸಿಕೊಂಡು ಸಂಗ್ರಹ ಮಾಡಿಟ್ಟಿದ್ದಾರೆ. ಹತ್ತೊಂಬತ್ತು ಸಾವಿರಕ್ಕೂ ಹೆಚ್ಚಿವೆ. ಯಾವುದನ್ನಾದರೂ ಇಳಿಸಿ ಜಿಪ್ ಬಿಚ್ಚಿದರೆ ಮ್ಯಾಕ್ಸ್‌ವರ್ಶನ್ ಸಾಲು ಇನ್ನೂ ಅಲ್ಲೇ ಇರುತ್ತದೆ.